ಸ್ಕೀ ಮೇಲಿರೋ ಮೂರು ಅಂಕಿ: ಮೊದಲ ಜೋಡಿ ಕೊಳ್ಳೋ ಮುಂಚೆ ಒಂದಿಷ್ಟು ಇತಿಹಾಸ

1/9

ಫೋಟೋ ಝೂಮ್ ಮಾಡಿ ನೋಡಿ. ಸ್ಕೀ ಮೇಲೆ 128-88-110 ಅಂತ ಬರೆದಿದೆ. ಪಕ್ಕದಲ್ಲಿ 160. ಆಮೇಲೆ ಸಣ್ಣದಾಗಿ ಆರ್ 15. ಕೆಳಗೆ "ಆಲ್ ಮೌಂಟನ್".

ವಿದುರಾಶ್ವತ್ಥ, ಭೋಗನಂದೀಶ್ವರ ಅಂತ ಬರೀತಿದ್ದ ಪೇಜಲ್ಲಿ ಹಿಮದ ಮೇಲೆ ಜಾರೋ ಹಲಗೆ ಯಾಕೆ ಬಂತು ಅಂತ ಕೇಳ್ತೀರ. ಕಾರಣ ಎರಡು. ಈ ಫೋಟೋ ಕಳಿಸಿದ್ದು ನಮ್ಮ ದೊಡ್ಡಪ್ಪನ ಮಗಳು. ಶಿಡ್ಲಘಟ್ಟದಲ್ಲಿ ಬೆಳೆದೋಳು, ಈಗ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ. ಎರಡು ಚಳಿಗಾಲ ಬಾಡಿಗೆ ಸ್ಕೀಯಲ್ಲಿ ಕಲಿತಳು, ಈಗ ಸ್ವಂತಕ್ಕೆ ಒಂದು ಜೋಡಿ ತಗೋಬೇಕು, "ಯಾವುದು ನೋಡೋ" ಅಂತ ಕೇಳಿದ್ದಾಳೆ. ಎರಡನೇದು, ನಮ್ಮ ಕ್ಲಾಸಿನ ನಾಲ್ಕು ಜನ ಬರೋ ಚಳಿಗಾಲಕ್ಕೆ ಗುಲ್ಮಾರ್ಗ್‌ಗೆ ಬೇಸಿಕ್ ಕೋರ್ಸ್‌ಗೆ ಹೋಗ್ಬೇಕು ಅಂತ ದುಡ್ಡು ಕೂಡಿಸ್ತಿದ್ದಾರೆ. ಅದರಲ್ಲಿ ಒಬ್ಬನಿಗೆ ಈಗಲೇ ಸೆಕೆಂಡ್ ಹ್ಯಾಂಡ್ ಸ್ಕೀ ತಗೊಳ್ಳೋ ಆತುರ.

ನಮ್ಮ ಮನೆಗಳಲ್ಲಿ ಅರವತ್ತು ಸಾವಿರ ಅಂದ್ರೆ ಒಂದು ಬೆಳೆ ಗೂಡಿನ ದುಡ್ಡು. ಸುಮ್ನೆ ಬಣ್ಣ ನೋಡಿ ತಗೊಳ್ಳೋ ವಸ್ತು ಅಲ್ಲ ಅದು.

ನಂಗೆ ಕಂಡ ವಿಷಯ ಏನಂದ್ರೆ, ಆ ಅಂಕಿಗಳು ಅರ್ಥ ಆಗಬೇಕಾದ್ರೆ ಇತಿಹಾಸ ಓದಬೇಕು. ನಮ್ಮ ಕೆಂಪು ಮಣ್ಣಲ್ಲಿ ಉಳೋ ನೇಗಿಲನ್ನ ಉತ್ತರ ಕರ್ನಾಟಕದ ಎರೆ ಹೊಲಕ್ಕೆ ಒಯ್ದರೆ ಅಲ್ಲಿ ನಡೆಯಲ್ಲ, ಅವರ ರಂಟೆನೇ ಬೇರೆ. ಸ್ಕೀಯೂ ಹಾಗೇನೇ. ಒಂದೊಂದು ಅಂಕಿ ಹಿಂದೆ ಒಂದೊಂದು ಊರಿನ ಹಿಮ ಇದೆ. ಕೊನೆಗೆ ಒಬ್ಬ ಕೊಡಗಿನ ಜನರಲ್ ಕೂಡ ಬರ್ತಾರೆ. ಸ್ವೈಪ್ ಮಾಡ್ತಾ ಬನ್ನಿ.

2/9

ಮೊದಲು ಒಂದು ಭ್ರಮೆ ಬಿಡೋಣ. ಸ್ಕೀ ಹುಟ್ಟಿದ್ದು ಮೋಜಿಗಲ್ಲ, ಬೆಟ್ಟ ಇಳಿಯೋಕೂ ಅಲ್ಲ. ಆಳ ಹಿಮದಲ್ಲಿ ಕಾಲು ಹೂತುಹೋಗದ ಹಾಗೆ ನಡೆಯೋಕೆ, ಬೇಟೆ ಅಟ್ಟಿಸಿಕೊಂಡು ಹೋಗೋಕೆ.

ರಷ್ಯಾದ ಉತ್ತರಕ್ಕೆ ವಿಸ್ ಅನ್ನೋ ಕಡೆ ಜೌಗು ನೆಲದಲ್ಲಿ ಸಿಕ್ಕಿದ ಸ್ಕೀ ತುಂಡುಗಳು ಸುಮಾರು 8000 ವರ್ಷ ಹಳೇವು. ಅದರಲ್ಲೊಂದಕ್ಕೆ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ತಲೆ ಕೆತ್ತಿದ್ದಾರೆ. ಸ್ವೀಡನ್‌ನ ಕಾಲ್ವ್‌ಟ್ರಾಸ್ಕ್ ಸ್ಕೀ ಸುಮಾರು 5000 ವರ್ಷದ್ದು. ಅಂದ್ರೆ ಸ್ಕೀ ಚಕ್ರದ ಗಾಡಿಗಿಂತ ಹಳೇದು ಕಣ್ರೋ.

ನಂಗೆ ತುಂಬಾ ಇಷ್ಟ ಆಗಿದ್ದು ನಾರ್ವೆಯ ಡಿಗರ್ವಾರ್ಡೆನ್ ಕಥೆ. 2014ರಲ್ಲಿ ಅಲ್ಲಿ ಕರಗ್ತಿದ್ದ ಮಂಜುಗಡ್ಡೆಯಿಂದ ಒಂದೇ ಒಂದು ಸ್ಕೀ ಸಿಕ್ತು. ಇನ್ನೊಂದು ಕಾಲಿನದು ಎಲ್ಲಿ? ಆ ಸಂಶೋಧಕರು ವರ್ಷ ವರ್ಷ ಕಣ್ಣಿಟ್ಟು ಕಾದರು. 2021ರಲ್ಲಿ ಮಂಜು ಇನ್ನಷ್ಟು ಕರಗಿದಾಗ ಅಲ್ಲೇ ಕೆಲವೇ ಮೀಟರ್ ದೂರದಲ್ಲಿ ಇನ್ನೊಂದು ಸಿಕ್ಕೇಬಿಡ್ತು. ಸುಮಾರು 1300 ವರ್ಷದ ಜೋಡಿ. ಹಾಸ್ಟೆಲ್‌ನಲ್ಲಿ ಒಂದು ಕಾಲಿನ ಸಾಕ್ಸ್ ಹುಡುಕೋರಿಗೆ ಈ ಖುಷಿ ಗೊತ್ತಾಗುತ್ತೆ.

ಆದ್ರೆ ಗಮನಿಸಬೇಕಾದ್ದು ಬೇರೆ. ಆ ಎರಡೂ ಒಂದೇ ತರ ಇಲ್ಲ. ತೇಪೆ ಹಾಕಿದ್ದಾರೆ, ರಿಪೇರಿ ಮಾಡಿದ್ದಾರೆ. ಮುರಿದದ್ದಕ್ಕೆ ಬದಲು ಇನ್ನೊಂದನ್ನ ಜೊತೆ ಮಾಡಿಕೊಂಡಿರೋ ಹಾಗಿದೆ. ಅಂಗಡಿ ಇಲ್ಲ, ಕಂಪನಿ ಇಲ್ಲ. ಊರಲ್ಲಿ ಇದ್ದ ಮರ, ಊರಲ್ಲಿ ಬೀಳೋ ಹಿಮ, ಅಷ್ಟೇ ಲೆಕ್ಕ. ಸ್ಕ್ಯಾಂಡಿನೇವಿಯಾದ ಕೆಲವು ಕಡೆ ಬೇಕಂತಲೇ ಒಂದು ಉದ್ದ ಒಂದು ಗಿಡ್ಡ ಸ್ಕೀ ಕಟ್ಟುತ್ತಿದ್ದರು. ಉದ್ದದ್ದು ಜಾರೋಕೆ, ಕೆಳಗೆ ತುಪ್ಪಳ ಅಂಟಿಸಿದ ಗಿಡ್ಡದ್ದು ಒದ್ದು ಮುಂದೆ ಹೋಗೋಕೆ.

3/9

ಈಗ ಆ ಮೂರು ಅಂಕಿಗೆ ಬರೋಣ. 128 ಮಿಲಿಮೀಟರ್ ಮುಂದಿನ ಅಗಲ, 88 ನಡುವಿನ ಅಗಲ, 110 ಹಿಂದಿನ ಅಗಲ. ಅಂದ್ರೆ ಸ್ಕೀ ಡಮರುಗದ ತರ, ನಡು ಸಣ್ಣ. ಇದಕ್ಕೆ ಸೈಡ್‌ಕಟ್ ಅಂತಾರೆ.

ಈ ಆಕಾರ ಹೆಸರಾಗಿದ್ದು ನಾರ್ವೆಯ ಟೆಲೆಮಾರ್ಕ್ ಸೀಮೆಯಿಂದ. ಅಲ್ಲಿ ಮೋರ್ಗೆಡಾಲ್ ಅನ್ನೋ ಊರಿನ ಬಡ ಗೇಣಿದಾರ ಸೊಂದ್ರೆ ನೋರ್ಹೈಮ್, ಹುಟ್ಟಿದ್ದು 1825. ಅವನ ಊರು ಏರಿಳಿತದ ಬೆಟ್ಟ. ನೇರ ಜಾರಿದ್ರೆ ಮರಕ್ಕೆ ಗುದ್ದೋದೇ. ತಿರುಗಲೇಬೇಕು. ನಡು ಸಣ್ಣಗಿರೋ ಸ್ಕೀಯನ್ನ ಒಂದು ಬದಿಗೆ ವಾಲಿಸಿದ್ರೆ ಅದು ಬಾಗಿ, ತಾನೇ ಕಮಾನಿನ ದಾರಿ ಹಿಡಿಯುತ್ತೆ. ಅದರ ಜೊತೆಗೆ ಅವನು ಹಿಮ್ಮಡಿ ಸುತ್ತಾನೂ ಕಟ್ಟು ಹಾಕಿದ. ಅಲ್ಲೀವರೆಗೆ ಬೆರಳ ಕಡೆ ಮಾತ್ರ ಪಟ್ಟಿ ಇರ್ತಿತ್ತು, ಹಾರಿದ್ರೆ ಸ್ಕೀ ಕಳಚಿಕೊಳ್ತಿತ್ತು. 1868ರಲ್ಲಿ, ಈಗಿನ ಓಸ್ಲೋ ಆಗಿರೋ ಕ್ರಿಸ್ಟಿಯಾನಿಯಾದಲ್ಲಿ ನಡೆದ ಸ್ಪರ್ಧೆಗೆ ಹೋಗಿ, ನಲವತ್ತು ದಾಟಿದ ಈ ಮನುಷ್ಯ ಪಟ್ಟಣದವರನ್ನೆಲ್ಲ ಬೆರಗಾಗಿಸಿದ.

ಇನ್ನೊಂದು ಪದ ಕ್ಯಾಂಬರ್. ಸ್ಕೀನ ನೆಲದ ಮೇಲಿಟ್ರೆ ನಡುಭಾಗ ಬಿಲ್ಲಿನ ಹಾಗೆ ಸ್ವಲ್ಪ ಮೇಲೆ ನಿಲ್ಲುತ್ತೆ. ನೀವು ನಿಂತಾಗ ಅದು ಒತ್ತಿಕೊಂಡು, ಭಾರ ಉದ್ದಕ್ಕೂ ಹಂಚಿಹೋಗುತ್ತೆ. ಇದರಿಂದ ತೆಳು ಸ್ಕೀ ಮಾಡೋಕೆ ಆಯ್ತು. ಇದೂ ಟೆಲೆಮಾರ್ಕ್ ಕುಶಲಕರ್ಮಿಗಳ ಕೈಗುಣ.

ನೋರ್ಹೈಮ್ ಮುಂದೆ 1884ರಲ್ಲಿ ಸಂಸಾರದ ಜೊತೆ ಅಮೆರಿಕಕ್ಕೆ ವಲಸೆ ಹೋಗಿ ನಾರ್ತ್ ಡಕೋಟಾ ಸೇರಿದ. ಅಲ್ಲಿ ಬರೀ ಬಯಲು. ಆಧುನಿಕ ಸ್ಕೀಗೆ ದಾರಿ ತೋರಿಸಿದವನು ಬೆಟ್ಟ ಇಲ್ಲದ ಊರಲ್ಲಿ 1897ರಲ್ಲಿ ತೀರಿಕೊಂಡ.

4/9

1888ರಲ್ಲಿ ನಾರ್ವೆಯ ಫ್ರಿಟ್ಜೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದ. ಅವನ ಪುಸ್ತಕ ಓದಿ ಯುರೋಪಿಗೆಲ್ಲ ಸ್ಕೀ ಹುಚ್ಚು ಹತ್ತಿತು. ಆಸ್ಟ್ರಿಯಾದ ಲಿಲಿಯನ್‌ಫೆಲ್ಡ್‌ನಲ್ಲಿದ್ದ ಮಥಿಯಾಸ್ ಜ್ಡಾರ್ಸ್ಕಿ ನಾರ್ವೆಯಿಂದ ಒಂದು ಜೋಡಿ ತರಿಸಿದ. ಹಾಕ್ಕೊಂಡು ನೋಡಿದ್ರೆ ಆಲ್ಪ್ಸ್ ಬೆಟ್ಟಕ್ಕೆ ಅದು ಆಗ್ತಾನೇ ಇಲ್ಲ. ನಾರ್ವೆ ಇಳಿಜಾರಿಗೆ ಮಾಡಿದ್ದು, ಇಲ್ಲಿನ ಕಡಿದಾದ ಗೋಡೆಗೆ ಉದ್ದ ಜಾಸ್ತಿ, ಕಟ್ಟು ಸಡಿಲ. ಅವನು ಸ್ಕೀ ಗಿಡ್ಡ ಮಾಡಿದ, ಲೋಹದ ಬೈಂಡಿಂಗ್ ಮಾಡಿದ, 1896ರಲ್ಲಿ ಪುಸ್ತಕವನ್ನೂ ಬರೆದ.

ಇಲ್ಲಿ ನೋಡಿ, "ಬೇರೆ ಊರಿನ ಸ್ಕೀ ನಮ್ಮೂರಿಗೆ ಆಗಲ್ಲ" ಅನ್ನೋದು ಅವತ್ತೇ ಗೊತ್ತಾಗಿತ್ತು.

ಮುಂದಿನ ಹೆಸರು ನಮ್ಮ ಬಿಕಾಂನವರು ಎದೆ ಉಬ್ಬಿಸಿಕೊಳ್ಳೋ ಹೆಸರು. ರುಡಾಲ್ಫ್ ಲೆಟ್ನರ್. ಸಾಲ್ಜ್‌ಬರ್ಗ್ ಕಡೆಯ ಪರ್ವತಾರೋಹಿ, ಹೊಟ್ಟೆಪಾಡಿಗೆ ಅಕೌಂಟೆಂಟ್! 1917ರಲ್ಲಿ ಗಟ್ಟಿ ಮಂಜಿನ ಇಳಿಜಾರಲ್ಲಿ ಜಾರಿಬಿದ್ದು ಸಾವಿನ ಅಂಚಿಗೆ ಹೋಗಿ ಉಳಿದ. ಮರದ ಸ್ಕೀಯ ಅಂಚು ಸವೆದು ದುಂಡಗಾಗುತ್ತೆ, ಗಡ್ಡೆ ಕಟ್ಟಿದ ಮಂಜನ್ನ ಕಚ್ಚಲ್ಲ. ಅದಕ್ಕೆ ಅವನು ಸ್ಕೀ ಅಂಚಿಗೆ ಉಕ್ಕಿನ ತುಂಡು ಪಟ್ಟಿಗಳನ್ನ ಸ್ಕ್ರೂ ಹಾಕಿ ಕೂರಿಸಿದ. 1926ರಲ್ಲಿ ಪೇಟೆಂಟ್. ಇವತ್ತು ನೀವು ಯಾವ ಸ್ಕೀಯ ಬದಿ ಮುಟ್ಟಿದ್ರೂ ಕೈಗೆ ತಣ್ಣಗೆ ತಾಗೋ ಆ ಉಕ್ಕಿನ ಅಂಚು ಅಲ್ಲಿಂದ ಬಂದಿದ್ದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋನೇ, ಮೊದಲು ಅಲ್ಲಿ ನೋಡು. ಅಂಚು ಒಡೆದಿದ್ರೆ, ಎದ್ದಿದ್ರೆ, ತುಂಬಾ ತೆಳ್ಳಗಾಗಿದ್ರೆ ಅಲ್ಲೇ ಬಿಟ್ಟು ಬಾ.

5/9

ಇಲ್ಲೀವರೆಗೂ ಸ್ಕೀ ಅಂದ್ರೆ ಮರ. ಹವಾಮಾನಕ್ಕೆ ಸೊಟ್ಟಗಾಗುತ್ತೆ, ಒಂದು ಜೋಡಿ ಇನ್ನೊಂದರ ತರ ಇರಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಮಾನ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಹೊವಾರ್ಡ್ ಹೆಡ್‌ಗೆ ಸ್ಕೀ ಬರ್ತಾನೇ ಇರಲಿಲ್ಲ, ತಪ್ಪು ಸ್ಕೀಯದೇ ಅಂದ. ವಿಮಾನಕ್ಕೆ ಬಳಸೋ ಅಲ್ಯೂಮಿನಿಯಂ ಹಾಳೆಗಳ ನಡುವೆ ಹಗುರ ಪದಾರ್ಥ ಇಟ್ಟು ಅಂಟಿಸಿ ಸ್ಕೀ ಮಾಡಿದ. ಸ್ಕೀ ಕಲಿಸೋರ ಕೈಗೆ ಕೊಟ್ಟ, ಅವರು ಮುರಿದು ವಾಪಸ್ ಕೊಟ್ರು. ಮತ್ತೆ ಮಾಡಿದ, ಮತ್ತೆ ಮುರಿದರು. 1950ರಲ್ಲಿ ಕಂಪನಿ ಶುರುವಾಯ್ತು. ಇದರಲ್ಲಿ ತಿರುಗೋದು ಎಷ್ಟು ಸಲೀಸು ಅಂದ್ರೆ ಹಳೇ ಸ್ಕೀ ಜನ ಅದಕ್ಕೆ "ಚೀಟರ್" ಅಂತ ಅಡ್ಡಹೆಸರಿಟ್ರು.

ಕಾಮರ್ಸ್ ಕಣ್ಣಲ್ಲಿ ನೋಡಿ. ಕಾರ್ಖಾನೆ ಬಂದ ಮೇಲೆ ಒಂದೇ ಅಳತೆಯ ಸಾವಿರ ಜೋಡಿ ಮಾಡಬಹುದು. ಮಾಡಿದ್ದನ್ನ ಮಾರಬೇಕು. ಮಾರೋಕೆ "ಇದು ನಿಮಗೆ, ಅದು ಅವರಿಗೆ" ಅಂತ ವಿಂಗಡಿಸಬೇಕು. ಕೊಳ್ಳೋನು ಆಯ್ಕೆ ಮಾಡೋ ಪಾಡು ಅಲ್ಲಿಂದ ಜೋರಾಯ್ತು.

ಆಮೇಲಿನ ದೊಡ್ಡ ತಿರುವು ಸ್ಲೊವೇನಿಯಾದ ಎಲಾನ್ ಕಾರ್ಖಾನೆಯದು. ಯುರಿ ಫ್ರಾಂಕೋ ಅನ್ನೋ ಎಂಜಿನಿಯರ್ ಮತ್ತು ಜೊತೆಗಾರರು ನಡು ತುಂಬಾ ಸಣ್ಣಗಿರೋ ಎಸ್‌ಸಿಎಕ್ಸ್ ಸ್ಕೀ ಮಾಡಿದ್ರು, 1990ರ ದಶಕದ ಶುರುವಿನಲ್ಲಿ ಅದು ಮಾರ್ಕೆಟ್‌ಗೆ ಬಂತು. ಫೋಟೋದಲ್ಲಿ "ಆರ್ 15" ಅಂತ ಇತ್ತಲ್ಲ, ಅದು ರೇಡಿಯಸ್. ಸ್ಕೀಯ ಬದಿಯ ಕಮಾನನ್ನ ಹಾಗೇ ಮುಂದುವರಿಸಿ ಪೂರ್ತಿ ವೃತ್ತ ಬರೆದರೆ ಅದರ ತ್ರಿಜ್ಯ 15 ಮೀಟರ್. ಹಳೇ ಸ್ಕೀಗಳಲ್ಲಿ ಇದು 40 ಮೀಟರ್ ದಾಟ್ತಿತ್ತು. ಅಂದ್ರೆ ಹಳೇದು ಲಾರಿ ತಿರುಗಿದ ಹಾಗೆ, ಹೊಸದು ಆಟೋ ತಿರುಗಿದ ಹಾಗೆ. ಸ್ಕೀ ಗಿಡ್ಡ ಆಗಿದ್ದೂ ಇದರಿಂದಲೇ. ಮುಂಚೆ ಕೈ ಮೇಲೆತ್ತಿ ಮಣಿಕಟ್ಟಿನವರೆಗೆ ಬರೋ ಸ್ಕೀ ತಗೊಳ್ತಿದ್ರು. ಈಗ ಗದ್ದ ಮೂಗಿನವರೆಗೆ ಬಂದ್ರೆ ಕಲಿಯೋರಿಗೆ ಸಾಕು.

6/9

ಇನ್ನು ನಡುವಿನ ಅಂಕಿ, 88. ಇದಕ್ಕೆ ವೇಸ್ಟ್ ಅಂತಾರೆ. ಇದರಲ್ಲೇ ಹಿಮದ ಜಾತಿ ಅಡಗಿದೆ.

ಯಂತ್ರದಲ್ಲಿ ಒತ್ತಿ ನಯ ಮಾಡಿದ ಇಳಿಜಾರಲ್ಲಿ ಸಣ್ಣ ನಡು ಒಳ್ಳೇದು, ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ವಾಲಿಸಬಹುದು. ಆದ್ರೆ ಈಗಷ್ಟೇ ಬಿದ್ದ ಪುಡಿ ಹಿಮದಲ್ಲಿ ಸಣ್ಣ ಸ್ಕೀ ಮುಳುಗುತ್ತೆ. 1980ರ ದಶಕದ ಕೊನೆಗೆ ಆಸ್ಟ್ರಿಯಾದ ಅಟಾಮಿಕ್ ಕಂಪನಿ ದಪ್ಪ ಹಲಗೆಯಂಥ ಪೌಡರ್ ಸ್ಕೀ ತಂದಾಗ ಜನ ನಕ್ಕರು. ಮೇಲೆ ತೇಲ್ತಾ ಹೋಗಿದ್ದು ನೋಡಿ ನಗು ನಿಂತಿತು.

ಆಮೇಲೆ ಶೇನ್ ಮೆಕಾಂಕಿ ಅನ್ನೋ ಸ್ಕೀಗಾರ ಒಂದು ಸರಳ ಪ್ರಶ್ನೆ ಕೇಳಿದ: ಪುಡಿ ಹಿಮ ನೀರಿನ ತರ ಅಲ್ವಾ, ಹಾಗಾದ್ರೆ ಸ್ಕೀ ಯಾಕೆ ವಾಟರ್ ಸ್ಕೀ ತರ ಇರಬಾರದು? 2002ರಲ್ಲಿ ವೊಲಾಂಟ್ ಕಂಪನಿಯ ಸ್ಪ್ಯಾಚುಲಾ ಬಂತು. ಕ್ಯಾಂಬರ್ ಉಲ್ಟಾ. ನಡು ನೆಲಕ್ಕೆ, ತುದಿಗಳು ದೋಣಿ ತರ ಮೇಲಕ್ಕೆ. ಇದಕ್ಕೆ ಈಗ ರಾಕರ್ ಅಂತಾರೆ.

ಈ ಎಲ್ಲ ಊರುಗಳ ಬುದ್ಧಿಯನ್ನ ಒಂದೇ ಹಲಗೆಗೆ ತುಂಬಿದ್ದೇ "ಆಲ್ ಮೌಂಟನ್". ಟೆಲೆಮಾರ್ಕ್‌ನ ಸೈಡ್‌ಕಟ್, ಪಾದದ ಕೆಳಗೆ ಸ್ವಲ್ಪ ಕ್ಯಾಂಬರ್, ತುದಿಯಲ್ಲಿ ಸ್ವಲ್ಪ ರಾಕರ್, ಲೆಟ್ನರ್‌ನ ಉಕ್ಕು, ನಡು ಸುಮಾರು 80ರಿಂದ 100 ಮಿಲಿಮೀಟರ್. ಎಲ್ಲ ಹಿಮದಲ್ಲೂ ನಡೆಯುತ್ತೆ, ಯಾವ ಹಿಮದಲ್ಲೂ ಅದೇ ಬೆಸ್ಟ್ ಅಲ್ಲ. ಹೆಸರಲ್ಲಿ "ಎಲ್ಲ ಬೆಟ್ಟ" ಅಂತಿದ್ರೂ 82ರದ್ದು ಗಟ್ಟಿ ಹಿಮದ ಕಡೆ ವಾಲಿರುತ್ತೆ, 98ರದ್ದು ಪುಡಿ ಹಿಮದ ಕಡೆ. ಅಂಗಡಿಯವರು ಇದನ್ನ ಕೇಳಿದ್ರೆ ಹೇಳ್ತಾರೆ, ಕೇಳದಿದ್ರೆ ಸ್ಟಾಕಲ್ಲಿ ಇರೋದನ್ನ ತೋರಿಸ್ತಾರೆ.

7/9

ಈಗ ನಮ್ಮ ದೇಶಕ್ಕೆ. ಗುಲ್ಮಾರ್ಗ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳು 1927ರಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಶುರು ಮಾಡಿದ್ರು. ಅದು ದೊರೆಗಳ ರಜೆಯ ಆಟ.

ಅದು ಬದಲಾಗಿದ್ದು ಯುದ್ಧದಿಂದ. 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಷನ್ ಮುನ್ನಡೆಸ್ತಿದ್ದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು. ಆ ವರ್ಷ ನವೆಂಬರ್ 1ರಂದು, ಮೂರೂವರೆ ಸಾವಿರ ಮೀಟರ್ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಾರ್ಯಾಚರಣೆ ಅವರದೇ. ಹಿಮದಲ್ಲಿ ಹೋರಾಡೋ ಸೈನಿಕನಿಗೆ ಹಿಮದಲ್ಲಿ ನಡೆಯೋಕೇ ಬರದಿದ್ರೆ ಹೇಗೆ? ಅದೇ ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ 19 ಡಿವಿಷನ್ ಸ್ಕೀ ಶಾಲೆ ಶುರುವಾಯ್ತು. 1962ರಲ್ಲಿ ಅದಕ್ಕೆ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾಯ್ತು. ಇವತ್ತು ವಿದೇಶಿ ಸೈನಿಕರೂ ಅಲ್ಲಿಗೆ ಬಂದು ಕಲೀತಾರೆ. ಕಾಫಿ ತೋಟದ ನಾಡಿನ ಮನುಷ್ಯ ಈ ದೇಶದ ಸ್ಕೀ ಶಾಲೆಗೆ ಬುನಾದಿ ಹಾಕಿದ್ದು ನಮ್ಮ ಪಠ್ಯದಲ್ಲಿ ನಾನು ಓದಿಲ್ಲ. ಮಡಿಕೇರಿಯಲ್ಲಿ ಅವರ ಮನೆ "ಸನ್ನಿಸೈಡ್" ಈಗ ಮ್ಯೂಸಿಯಂ, ಟ್ರಿಪ್ ಹೋದ್ರೆ ನೋಡಿ ಬನ್ನಿ.

ಆ ಶಾಲೆಯಲ್ಲಿ ಸೈನಿಕ ಸ್ಕೀ ಆರಿಸಿಕೊಳ್ತಿರಲಿಲ್ಲ. ಸ್ಟೋರಲ್ಲಿ ಕೊಟ್ಟಿದ್ದನ್ನ ಕಟ್ಟಿಕೊಂಡು ಕಲೀತಿದ್ದ. ಇವತ್ತಿಗೂ ನಮ್ಮಲ್ಲಿ ಹೆಚ್ಚಿನವರು ಕಲಿಯೋದು ಸಂಸ್ಥೆ ಕೊಟ್ಟ ಸ್ಕೀಯಲ್ಲೋ ಬಾಡಿಗೆಯದರಲ್ಲೋ. ಅದರಿಂದ ಕಲಿಕೆ ಏನೂ ಕಮ್ಮಿ ಆಗಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಆರಿಫ್ ಖಾನ್. ಗುಲ್ಮಾರ್ಗ್‌ನಲ್ಲಿ ಅವರ ತಂದೆಯದು ಸ್ಕೀ ಸಾಮಾನಿನ ಅಂಗಡಿ.

ಇನ್ನೊಂದು ಹೆಸರು ನೆನಪಿಟ್ಕೊಳ್ಳಿ: ತೆಕ್ಕಡ ನಂಜುಂಡ ಭವಾನಿ. ಅವರೂ ಕೊಡಗಿನವರೇ. ತಿಮ್ಮಯ್ಯನವರ ಶಾಲೆ ಶುರುವಾದ ಅದೇ ಗುಲ್ಮಾರ್ಗ್‌ನ ಹಿಮದಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದವರು. ಹಿಮವೇ ಬೀಳದ ರಾಜ್ಯಕ್ಕೆ! ಆದ್ರೆ ಒಂದು ಎಚ್ಚರ. ಭವಾನಿ ಅವರದು ನಾರ್ಡಿಕ್ ಸ್ಕೀ. ಕಡ್ಡಿ ತರ ಸಣ್ಣ, ಹಗುರ, ಹಿಮ್ಮಡಿ ಬಿಡುವಾಗಿ ಏಳುತ್ತೆ, ಓಡೋಕೆ ಮಾಡಿದ್ದು. ಅವರ ಫೋಟೋ ನೋಡಿ "ಅದೇ ಬೇಕು" ಅಂತ ಬೆಟ್ಟ ಇಳಿಯೋಕೆ ಅದನ್ನ ತರಿಸಬೇಡಿ.

8/9

ಅಕ್ಕನಿಗೆ ನಾನು ಬರೆದು ಕಳಿಸಿದ ಪಟ್ಟಿ ಇದು. ಇತಿಹಾಸ ಓದಿದ ಮೇಲೆ ಇದು ತಾನಾಗೇ ಬರುತ್ತೆ.

ಬೂಟ್ ಮೊದಲು. ಕಾಲು ನಿಮ್ಮದು, ಹಿಮ ಬದಲಾಗಬಹುದು, ಕಾಲು ಬದಲಾಗಲ್ಲ. ಒಳಗಿನ ಮೆತ್ತನೆ ಲೈನರ್ ತೆಗೆದು ಬರೀ ಚಿಪ್ಪಿನಲ್ಲಿ ಪಾದ ಇಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿ ಹಿಂದೆ ಒಂದೂವರೆ, ಎರಡು ಸೆಂಟಿಮೀಟರ್ ಜಾಗ ಇರ್ಬೇಕು. ಚಪ್ಪಲಿ ತರ "ಆರಾಮಾಗಿದೆ" ಅನಿಸಿದ್ರೆ ಅದು ದೊಡ್ಡದಾಯ್ತು.

ಉದ್ದ: ಗದ್ದದಿಂದ ಮೂಗಿನ ನಡುವೆ. ತೂಕ ಕಮ್ಮಿ ಇದ್ರೆ, ಈಗಷ್ಟೇ ಕಲೀತಿದ್ರೆ ಗದ್ದದ ಕಡೆ.

ನಡು: ಅವಳು ಹೋಗೋದು ಬ್ಯಾನ್ಫ್, ಲೇಕ್ ಲೂಯಿಸ್ ಕಡೆಗೆ. ಹೆಚ್ಚಿನ ದಿನ ಯಂತ್ರ ಒತ್ತಿದ ದಾರಿ, ಆಗಾಗ ಒಣ ಪುಡಿ ಹಿಮ. ಹಾಗಾಗಿ 80ರಿಂದ 90ರೊಳಗೆ. ಅವಳು ಕಳಿಸಿದ 88 ಈ ಲೆಕ್ಕಕ್ಕೆ ಕೂರುತ್ತೆ. ಜೊತೆಗೆಲಸದವರು 104ರದ್ದು ತಗೊಂಡಿದ್ದಾರೆ ಅಂತ ಅದರ ಹಿಂದೆ ಹೋಗೋದು ಬೇಡ.

ರೇಡಿಯಸ್: 14ರಿಂದ 17. ಮೃದು ಸ್ಕೀ ಸಾಕು. ಒಳಗೆ ಲೋಹದ ಹಾಳೆ ಇರೋ ಬಿರುಸಾದದ್ದು ವೇಗದೋರಿಗೆ.

ಬೈಂಡಿಂಗ್: ಬಿದ್ದಾಗ ಬೂಟನ್ನ ಬಿಟ್ಟುಕೊಡೋ ಸಾಧನ ಇದೇ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ನಿಮ್ಮ ಮಟ್ಟ, ಇಷ್ಟೂ ನೋಡಿ ಅದರ ಅಂಕಿ ಕೂರಿಸಬೇಕು. ಬಿಗಿ ಜಾಸ್ತಿ ಆದ್ರೆ ಬಿದ್ದಾಗ ಕಳಚಲ್ಲ, ಮೊಣಕಾಲು ಹೋಗುತ್ತೆ. ಸಡಿಲ ಆದ್ರೆ ನಡುದಾರಿಯಲ್ಲಿ ಕಳಚುತ್ತೆ. ಇದನ್ನ ವಿಡಿಯೋ ನೋಡಿ ಸ್ಕ್ರೂಡ್ರೈವರ್ ಹಿಡಿದು ಮಾಡೋ ಕೆಲಸ ಅಲ್ಲ, ತರಬೇತಾದ ಟೆಕ್ನಿಷಿಯನ್ ಕೈಗೆ ಕೊಡಿ. ಹಳೇ ಬೈಂಡಿಂಗ್ ಆದ್ರೆ ಅದಕ್ಕೆ ಕೈ ಹಾಕೋಕೇ ಅಂಗಡಿಯವರು ಒಪ್ಪದೇ ಇರಬಹುದು. ಸೆಕೆಂಡ್ ಹ್ಯಾಂಡ್ ಅಗ್ಗ ಇರೋದಕ್ಕೆ ಇದೂ ಒಂದು ಕಾರಣ.

9/9

ಈಗ ಕ್ಲಾಸಿನ ನಾಲ್ಕು ಜನಕ್ಕೆ. ನಮ್ಮ ಕಾಸ್ಟ್ ಅಕೌಂಟಿಂಗ್ ಇಲ್ಲಿ ಕೆಲಸಕ್ಕೆ ಬರ್ಲಿ. ಇವು ಲೆಕ್ಕಕ್ಕೆ ಅಂತ ಇಟ್ಕೊಂಡ ಅಂಕಿ, ಅಂಗಡಿ ರೇಟ್ ಅಲ್ಲ.

ಸ್ಕೀ, ಬೈಂಡಿಂಗ್, ಬೂಟ್ ಸೇರಿ 60,000. ವರ್ಷಕ್ಕೆ ವ್ಯಾಕ್ಸ್, ಅಂಚು ಹರಿತ ಮಾಡೋ ಖರ್ಚು 3,000, ಐದು ವರ್ಷಕ್ಕೆ 15,000. ಐದು ವರ್ಷ ಆದ್ಮೇಲೆ ಮಾರಿದ್ರೆ 15,000 ಬರುತ್ತೆ ಅನ್ನಿ. ನಿವ್ವಳ ಖರ್ಚು 60,000. ಬಾಡಿಗೆ ದಿನಕ್ಕೆ 1,500 ಆದ್ರೆ 40 ದಿನಕ್ಕೆ ಸಮ. ಅಂದ್ರೆ ವರ್ಷಕ್ಕೆ 8 ದಿನ ದಾಟಿದ್ರೆ ಮಾತ್ರ ಕೊಳ್ಳೋದು ಲಾಭ.

ಅಕ್ಕ ಒಂದು ಚಳಿಗಾಲಕ್ಕೆ 15 ದಿನ ಹೋಗ್ತಾಳೆ, ಐದು ವರ್ಷಕ್ಕೆ 75 ದಿನ. ಅವಳು ತಗೊಳ್ಳಲಿ. ನೀವು ಎರಡು ವಾರದ ಕೋರ್ಸ್‌ಗೆ ಒಂದು ಸಲ ಹೋಗ್ತೀರ. ಆಮೇಲೆ ಆ ಸ್ಕೀ ಚಿಂತಾಮಣಿಯ ಮನೆ ಅಟ್ಟದಲ್ಲಿ ಈರುಳ್ಳಿ ಮೂಟೆ ಪಕ್ಕ ಕೂರುತ್ತೆ. ಉಕ್ಕಿನ ಅಂಚಿಗೆ ತುಕ್ಕು, ಬೂಟಿನ ಪ್ಲಾಸ್ಟಿಕ್ ವಯಸ್ಸಾಗಿ ಬಿರುಕು. ನಂದಿ ಬೆಟ್ಟ 1,478 ಮೀಟರ್ ಎತ್ತರ ಇದ್ರೂ ಅಲ್ಲಿ ಬೀಳೋದು ಮಂಜು, ಹಿಮ ಅಲ್ಲ.

ಹೋಗ್ಬೇಡಿ ಅಂತ ಹೇಳ್ತಿಲ್ಲ. ಖಂಡಿತ ಹೋಗಿ! ಸ್ಕೀಗೆ ಇಡೋ ದುಡ್ಡನ್ನ ಕೋರ್ಸ್ ಫೀಸು, ಒಳ್ಳೇ ಗ್ಲೌಸ್, ಹಿಮದ ಕನ್ನಡಕ, ಉಣ್ಣೆ ಸಾಕ್ಸ್, ಇನ್ಶೂರೆನ್ಸ್‌ಗೆ ಇಡಿ. ಕಲಿಸೋರು ಕೊಡೋ ಸ್ಕೀಯಲ್ಲಿ ಕಲೀರಿ. ಪ್ರತಿದಿನ ಅದರ ಮೇಲಿನ ಮೂರು ಅಂಕಿ ಫೋನಲ್ಲಿ ಬರೆದಿಟ್ಕೊಳ್ಳಿ, ಯಾವುದರಲ್ಲಿ ಕಾಲು ಹೇಗಿತ್ತು ಅಂತ ಜೊತೆಗೆ ಎರಡು ಸಾಲು. ಮುಂದೆ ಒಂದು ದಿನ ನಿಮ್ಮಲ್ಲಿ ಯಾರಿಗಾದ್ರೂ ಹಿಮದ ಊರಲ್ಲಿ ಕೆಲಸ ಸಿಕ್ಕಿದ್ರೆ, ಆ ಪಟ್ಟಿ ಎಲ್ಲ ಜಾಹೀರಾತಿಗಿಂತ ಬೆಲೆಬಾಳುತ್ತೆ.

ನಮ್ಮ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ರೀಲರ್‌ಗಳು ಲಾಟಿಗೆ ಕೈ ಹಾಕಿ, ಗೂಡು ಮುಟ್ಟಿ, ಅಲ್ಲಾಡಿಸಿ ನೋಡಿದ ಮೇಲೇನೇ ಹರಾಜಲ್ಲಿ ಬೆಲೆ ಹಾಕೋದು. ಸ್ಕೀ ಅಂಗಡಿಯಲ್ಲೂ ಅಷ್ಟೇ. ಯಾವ ಹಿಮ, ಎಷ್ಟು ದಿನ, ಯಾರ ಕಾಲು, ಈ ಮೂರಕ್ಕೂ ನಿಮ್ಮ ಹತ್ರ ಉತ್ತರ ಇದ್ರೆ ಬೆಲೆ ಕೇಳಿ. ಇಲ್ಲದಿದ್ರೆ ಬಾಡಿಗೆ ರಸೀದಿ ತಗೊಂಡು ಬೆಟ್ಟ ಹತ್ತಿ.

ಗೌರಿಬಿದನೂರು, ಚಿಂತಾಮಣಿ ಕಡೆಯೋರು ಯಾರಾದ್ರೂ ಔಲಿ, ಗುಲ್ಮಾರ್ಗ್, ಸೋಲಂಗ್‌ನಲ್ಲಿ ಕಲಿತಿದ್ರೆ ಕಾಮೆಂಟಲ್ಲಿ ಹೇಳಿ, ಬಾಡಿಗೆ ಸ್ಕೀಯ ನಡು ಎಷ್ಟಿತ್ತು ಅಂತಾನೂ ಹೇಳಿ. ನಮ್ಮ ನಾಲ್ವರಿಗೆ ಉಪಯೋಗ ಆಗುತ್ತೆ.

#ಇತಿಹಾಸ #ಚಿಕ್ಕಬಳ್ಳಾಪುರ #ಜನರಲ್‌ತಿಮ್ಮಯ್ಯ #ಗುಲ್ಮಾರ್ಗ್ #ಬಿಕಾಂಲೆಕ್ಕ